ಮಳೆಗಾಲಕ್ಕೆ ಮೊದಲು ಊರಿಗೊಂದು ಆಹಾರ ಬ್ಯಾಂಕ್: ಕಟ್ಟುವ, ನಡೆಸುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಂತ ದಿನದಿಂದ ಬಲೆ ಎಳೆಯುವವರ ಜೊತೆಗೆ ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತುವ ಹೆಂಗಸರು, ಮಂಜುಗಡ್ಡೆ ಒಡೆಯುವವರು, ಮೀನು ಒಣಗಿಸುವವರು ಎಲ್ಲರ ಕೈಯೂ ಖಾಲಿಯಾಗುತ್ತದೆ. ಅದೇ ಹೊತ್ತಿಗೆ ಕಟ್ಟಡದ ಕೆಲಸ ನಿಧಾನವಾಗುತ್ತದೆ, ಕೆಂಪುಕಲ್ಲಿನ ಕೋರೆಯಲ್ಲಿ ನೀರು ನಿಲ್ಲುತ್ತದೆ. ಆಟಿ ತಿಂಗಳಿಗೆಂದು (ತುಳುವರ ಮಳೆಗಾಲದ ತಿಂಗಳು) ಹಿರಿಯರು ಸಾಂತಾಣಿ, ಅಂದರೆ ಬೇಯಿಸಿದ ಹಲಸಿನ ಬೀಜ, ಒಣಗಿಸಿಟ್ಟದ್ದು, ಉಪ್ಪಿನಲ್ಲಿ ಹಲಸಿನ ಸೊಳೆ ಹಾಕಿಟ್ಟದ್ದು, ತಜಂಕ್ ಸೊಪ್ಪು ಹುಡುಕಿ ತಂದದ್ದು ಇದೇ ಕಷ್ಟಕ್ಕೆ.

ದಾನವಾಗಿ ಬಂದ ದಿನಸಿ ಕೂಡಿಟ್ಟು ಕಷ್ಟದ ಮನೆಗಳಿಗೆ ಹಂಚುವ ಆಹಾರ ಬ್ಯಾಂಕ್ ನಡೆಸುವವರಿಗೆ ಇಲ್ಲೊಂದು ಇಕ್ಕಟ್ಟು ಉಂಟು. ಅಕ್ಕಿಬೇಳೆ ಹೆಚ್ಚು ಬೇಕಾಗುವ ತಿಂಗಳುಗಳಲ್ಲೇ ಅದು ಬೇಗ ಹಾಳಾಗುವುದು. ಗೋಡೆ ಬೆವರುತ್ತದೆ, ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗುತ್ತದೆ. ಬಯಲುಸೀಮೆಯ ಊರಿಗೆ ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಜುಲೈಯಲ್ಲಿ ಚೀಲಗಟ್ಟಲೆ ಅಕ್ಕಿ ಕೋಳಿಗೆ ಹಾಕಬೇಕಾಗುತ್ತದೆ. ಆದ್ದರಿಂದ ಕೆಲಸ ಮಾರ್ಚ್‌ನಲ್ಲೇ ಶುರುವಾಗಲಿ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಚರ್ಚಿನ ಸಂಘ, ಮಸೀದಿಯ ಜಮಾತ್ ಯಾರು ಬೇಕಾದರೂ ಮಾಡಬಹುದು. ಇಲ್ಲಿ ಹೇಳುವ ಲೆಕ್ಕ 60 ಮನೆಗಳಿಗೆ ಸಾಕಾಗುವ ಸಣ್ಣ ಬ್ಯಾಂಕಿನದ್ದು.

“ಉಡುಪಿ ಮಠದಲ್ಲಿ, ಕಟೀಲಿನಲ್ಲಿ, ಧರ್ಮಸ್ಥಳದಲ್ಲಿ ದಿನಾ ಊಟ ಉಂಟಲ್ಲ, ಇದು ಯಾಕೆ?” ಎಂದು ಕೇಳುವವರಿದ್ದಾರೆ. ಅಲ್ಲಿಗೆ ಹೋಗಲು ಕಾಲು ಗಟ್ಟಿಯಿರಬೇಕು, ಬಸ್ಸಿಗೆ ದುಡ್ಡಿರಬೇಕು. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಹೊರಗೆ ಹೋಗಲಾಗದ ಹೆಂಗಸಿನ ಮನೆಗೆ ಬೇಳೆ ತಲುಪಿಸುವುದು ಬೇರೆಯೇ ಕೆಲಸ. ಆಹಾರ ಬ್ಯಾಂಕ್ ಇರುವುದು ಅದಕ್ಕೆ.

ಮೊದಲು ಮನೆಗಳ ಪಟ್ಟಿ

ದಾನ ಕೇಳುವ ಮೊದಲು ಪಟ್ಟಿ ಮಾಡಿ. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನವರಿಗೆ ಮತ್ತು ಸಾಲ ಬರೆದಿಡುವ ಜಿನಸಿ ಅಂಗಡಿಯವರಿಗೆ ಗೊತ್ತಿರುತ್ತದೆ. ಈ ನಾಲ್ವರಲ್ಲಿ ಇಬ್ಬರು ಒಂದೇ ಮನೆಯ ಹೆಸರು ಹೇಳಿದರೆ ಮತ್ತೆ ಪುರಾವೆ ಕೇಳಬೇಡಿ. ಉಡುಪಿಯ ಕಡೆ ತಪ್ಪಿಹೋಗುವ ಮನೆಗಳು ಇನ್ನೊಂದು ಬಗೆಯವು: ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು, ದೊಡ್ಡ ಹಂಚಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯಂದಿರು. ಹೊರಗಿನಿಂದ ನೋಡಿದರೆ ಕೊರತೆ ಕಾಣುವುದಿಲ್ಲ. ಅಂಗಡಿಗೆ ಹೋಗಲು, ಅಕ್ಕಿ ಬಸಿಯಲು ಶಕ್ತಿಯಿಲ್ಲದೆ ಚಾ ಬಿಸ್ಕಿಟಿನಲ್ಲಿ ದಿನ ಕಳೆಯುತ್ತಿರುತ್ತಾರೆ.

ಪುಸ್ತಕದಲ್ಲಿ ಬರೆಯಬೇಕಾದದ್ದು ಇಷ್ಟೇ: ಮನೆಗೊಂದು ಸಂಖ್ಯೆ, ಎಷ್ಟು ಜನ, ಎರಡು ವರ್ಷದೊಳಗಿನ ಮಗು ಅಥವಾ ಬಸುರಿ ಇದ್ದಾರೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವ ಅಕ್ಕಿ ಉಣ್ಣುತ್ತಾರೆ, ಒಲೆ ಯಾವುದು. ಆಧಾರ್ ನಕಲು ಬೇಡ. ಹೆಸರಿನ ಪಟ್ಟಿ ಒಬ್ಬರ ಹತ್ತಿರವೇ ಇರಲಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ಒಮ್ಮೆ ಆ ಪಟ್ಟಿ ಊರೆಲ್ಲ ತಿರುಗಿದರೆ ನಿಜವಾಗಿ ಕಷ್ಟದಲ್ಲಿರುವವರೇ ಮೊದಲು ಹೆಸರು ತೆಗೆಸುತ್ತಾರೆ.

ಕಿಟ್ಟಿಗಿಂತ ಮುಂಚೆ ಸೊಸೈಟಿ ಅಕ್ಕಿ

ಮನೆಗೆ ಹೋದಾಗ ಮೊದಲ ಪ್ರಶ್ನೆ: “ಅಕ್ಕ, ಈ ತಿಂಗಳು ಸೊಸೈಟಿಯಿಂದ ಅಕ್ಕಿ ಬಂತಾ?” ಬಂದಿಲ್ಲವಾದರೆ ಯಾಕೆ ಬಂದಿಲ್ಲ ಎಂದು ತಿಳಿದುಕೊಳ್ಳುವುದೇ ನೀವು ಮಾಡಬಹುದಾದ ದೊಡ್ಡ ಉಪಕಾರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ (ಬಿಪಿಎಲ್) ಕಾರ್ಡಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಕುಟುಂಬಕ್ಕೆ 35 ಕಿಲೋ ಧಾನ್ಯ ಸಿಗಬೇಕು. 2023ರ ಜನವರಿಯಿಂದ ಅದಕ್ಕೆ ದುಡ್ಡೂ ಇಲ್ಲ. ರಾಜ್ಯದ ಅನ್ನಭಾಗ್ಯದ ಪಾಲು ಇದರ ಮೇಲೆ.

ಸಾಮಾನ್ಯವಾಗಿ ತಡೆ ಬರುವುದು ಮೂರು ಕಡೆ. ಬೀಡಿ ಕಟ್ಟಿ ಕಟ್ಟಿ, ಅಥವಾ ವಯಸ್ಸಾಗಿ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಇಲ್ಲವೇ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿರುವುದಿಲ್ಲ. ಇಲ್ಲವೇ ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿರುತ್ತದೆ. ಮೂರಕ್ಕೂ ತಾಲೂಕು ಆಹಾರ ಶಾಖೆಯಲ್ಲಿ ದಾರಿ ಇದೆ. ಆದರೆ ದಿನಗೂಲಿಯವರಿಗೆ ಅಲ್ಲಿಗೆ ಹೋಗುವುದೆಂದರೆ ಒಂದು ದಿನದ ಸಂಬಳ ಹೋಯಿತು. ನಿಮ್ಮ ತಂಡದ ಒಬ್ಬರು ನಾಲ್ಕೈದು ಮನೆಯವರನ್ನು ಒಟ್ಟಿಗೆ ಕರೆದುಕೊಂಡು ಹೋಗಿ ಬನ್ನಿ. ಕಚೇರಿಯಲ್ಲಿ ಕೆಲಸ ಆಗದಿದ್ದರೆ 1967ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಬಿಹಾರ, ಒಡಿಶಾ, ಜಾರ್ಖಂಡಿನಿಂದ ಬಂದ ಕೆಲಸಗಾರರಿಗೆ ಊರಿನ ಕಾರ್ಡ್ ಇಲ್ಲಿಯೂ ನಡೆಯುತ್ತದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ‘ಒಂದು ದೇಶ ಒಂದು ಪಡಿತರ’ದಲ್ಲಿ ಅವನು ತನ್ನ ಪಾಲನ್ನು ಇಲ್ಲಿ ತೆಗೆದು, ಉಳಿದದ್ದನ್ನು ಮನೆಯವರು ಅಲ್ಲಿ ತೆಗೆಯಬಹುದು.

ಕ್ಷಯದ ರೋಗಿ ಇದ್ದರೆ ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ನಿಕ್ಷಯ್ ಪೋಷಣ್‌ನ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತಿದೆಯೇ, ಬಸುರಿ ಇದ್ದರೆ ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೆಸರು ಸೇರಿದೆಯೇ ಎಂದೂ ಕೇಳಿ. ಪೇಟೆಯಲ್ಲಿ ಒಬ್ಬರೇ ಇರುವವರಿಗೆ ಇಂದಿರಾ ಕ್ಯಾಂಟೀನ್ ತೋರಿಸಿಕೊಡಿ.

ಕಿಟ್ಟಿನಲ್ಲಿ ಏನಿರಬೇಕು

ಕಾರ್ಡ್ ಇರುವ ಮನೆಗೆ ಮತ್ತೆ ಅಕ್ಕಿಯನ್ನೇ ಹೊತ್ತುಕೊಂಡು ಹೋಗುವುದು ದಾನಿಗಳ ಅಭ್ಯಾಸ. 5 ಕಿಲೋ ಅಕ್ಕಿ ಎಂದರೆ ದಿನಕ್ಕೆ ಸುಮಾರು 167 ಗ್ರಾಂ, 580 ಕ್ಯಾಲೊರಿಯ ಹತ್ತಿರ. ಅಕ್ಕಿ ಸಾಲುವುದಿಲ್ಲ ಎಂಬುದು ನಿಜ. ಆದರೆ ಅಂಥ ಮನೆಯಲ್ಲಿ ಮೊದಲು ಮುಗಿಯುವುದು ಬೇಳೆ, ಎಣ್ಣೆ. ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಹೊಟ್ಟೆ ತುಂಬಿಸುವ ಮಕ್ಕಳಿಗೆ ಬೇಕಾದದ್ದು ಕಾಳು. ನಾಲ್ಕು ಜನರ ಮನೆಗೆ ಒಂದು ತಿಂಗಳ ಪೂರಕ ಕಿಟ್ ಹೀಗಿರಲಿ: ತೊಗರಿ ಬೇಳೆ 2 ಕಿಲೋ, ಹೆಸರುಕಾಳು ಅಥವಾ ಕಡಲೆ 2 ಕಿಲೋ, ಎಣ್ಣೆ 2 ಲೀಟರ್, ಬೆಲ್ಲ 1 ಕಿಲೋ, ಅವಲಕ್ಕಿ 1 ಕಿಲೋ, ಉಪ್ಪು 1 ಕಿಲೋ, ಮೆಣಸು ಕೊತ್ತಂಬರಿ ಪುಡಿ 200 ಗ್ರಾಂ, ಶೇಂಗಾ ಅಥವಾ ತಿನ್ನುವವರಾದರೆ ಒಣಮೀನು ಅರ್ಧ ಕಿಲೋ. ಸಾಬೂನು ಸೇರಿ 10 ಕಿಲೋ ಆಸುಪಾಸು. ಬೇಳೆ ಕಾಳು ಒಬ್ಬರಿಗೆ ದಿನಕ್ಕೆ 33 ಗ್ರಾಂ ಬಿತ್ತು. ಹೆಚ್ಚೇನಲ್ಲ, ಆದರೆ ದಿನಾ ಒಂದು ಹೊತ್ತಿನ ಸಾರು ಗಟ್ಟಿಯಾಗುತ್ತದೆ. 10 ಕಿಲೋ ಎಂಬುದಕ್ಕೆ ಇನ್ನೊಂದು ಕಾರಣ: ಗುಡ್ಡೆ ಹತ್ತಿ ಮನೆ ಸೇರಬೇಕಾದ ಹೆಂಗಸು ಒಂದೇ ಸಲ ಹೊರಬಹುದಾದ ಭಾರ ಅಷ್ಟೇ.

ಕಾರ್ಡೇ ಇಲ್ಲದ ಮನೆಗೆ, ಕಾರ್ಡ್ ಆಗುವ ತನಕ, ಪೂರ್ತಿ ಕಿಟ್ ಕೊಡಿ. ನಾಲ್ಕು ಜನರಿಗೆ 15 ದಿನಕ್ಕೆ ಅಕ್ಕಿ 20 ಕಿಲೋ, ಬೇಳೆ ಕಾಳು 4 ಕಿಲೋ, ಎಣ್ಣೆ 2 ಲೀಟರ್, ಬೆಲ್ಲ ಒಂದೂವರೆ ಕಿಲೋ, ಅವಲಕ್ಕಿ ಅಥವಾ ಗೋಧಿ ಹಿಟ್ಟು 2 ಕಿಲೋ. ಒಟ್ಟು 1,12,000 ಕ್ಯಾಲೊರಿಯಷ್ಟು, ತಲೆಗೆ ದಿನಕ್ಕೆ 1,850ರ ಮೇಲೆ. ಇದನ್ನು ಎರಡು ಕಂತಾಗಿ ಕೊಡಿ.

ಅಕ್ಕಿ ಯಾವುದು ಎಂದು ಕೇಳದೆ ಕೊಳ್ಳಬೇಡಿ. ಊರವರು ಉಣ್ಣುವುದು ಕುಚ್ಚಲಕ್ಕಿ. ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಕೊಟ್ಟರೆ ದೋಸೆಗೆ ಹೋಗುತ್ತದೆ, ಉಳಿದದ್ದು ಕಡಿಮೆ ಬೆಲೆಗೆ ಅಂಗಡಿ ಸೇರುತ್ತದೆ. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದು ಶೆಡ್ಡಿನಲ್ಲಿರುವವರಿಗೆ ಜೋಳದ ಹಿಟ್ಟು ಸಿಕ್ಕಿದರೆ ಅದೇ ಹಬ್ಬ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಬಂದಿದ್ದರೆ ನೂರಕ್ಕೆ ಒಂದರಂತೆ ಬಣ್ಣ ಬೇರೆಯಾದ ಕಾಳು ಕಾಣುತ್ತದೆ. “ಪ್ಲಾಸ್ಟಿಕ್ ಅಕ್ಕಿ” ಎಂದು ಆರಿಸಿ ಎಸೆಯುವವರಿದ್ದಾರೆ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳು, ಎಸೆಯಬೇಡಿ ಎಂದು ಕೈಯಲ್ಲಿ ಹಿಡಿದು ತೋರಿಸಿ ಹೇಳಿ.

ಒಂದು ಎಚ್ಚರಿಕೆ. ಶಿಶುಗಳ ಹಾಲಿನ ಪುಡಿ ಡಬ್ಬ, ಹಾಲಿನ ಬಾಟಲಿ ಕಿಟ್ಟಿಗೆ ಹಾಕುವಂತಿಲ್ಲ. 1992ರ ಶಿಶು ಹಾಲು ಬದಲಿಗಳ ಕಾಯ್ದೆ ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಅವನ್ನು ದಾನ ಮಾಡುವುದನ್ನು ನಿಷೇಧಿಸಿದೆ. ಬಾಣಂತಿಯ ಮನೆಗೆ ಕೊಡುವುದಾದರೆ ತಾಯಿಗೆ ಮೊಟ್ಟೆ, ಕಾಳು, ಬೆಲ್ಲ ಹೆಚ್ಚು ಕೊಡಿ.

ದಾಸ್ತಾನು ಕೋಣೆ: ಗೆಲ್ಲುವುದೂ ಸೋಲುವುದೂ ಇಲ್ಲೇ

60 ಕಿಟ್ ಎಂದರೆ 600 ಕಿಲೋ. 10 ಅಡಿಗೆ 12 ಅಡಿಯ ಕೋಣೆ ಸಾಕು. ಹಂಚಿನ ಮಾಡಾದರೆ ಮೇ ತಿಂಗಳಲ್ಲೇ ಒಡೆದ ಹಂಚು ಬದಲಿಸಿ, ಗಾಳಿಮಳೆ ಬಡಿಯುವ ಪಡುವಣ ಗೋಡೆಗೆ ಸಾಮಾನು ಒರಗಿಸಬೇಡಿ. ಚೀಲಗಳು ನೆಲದಿಂದ 15 ಸೆಂಟಿಮೀಟರ್ ಎತ್ತರದ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ. ಆ ಸಂದಿಯಲ್ಲಿ ಮನುಷ್ಯ ಅಡ್ಡ ನಿಂತು ಟಾರ್ಚ್ ಹಾಕಿ ನೋಡುವಂತಿರಬೇಕು. ಗೋಡೆಗೆ ತಾಗಿದ ಗೋಣಿ ಒಂದೇ ವಾರದಲ್ಲಿ ಪಸೆ ಎಳೆದು ಮುಗ್ಗಲು ಹಿಡಿಯುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಬಾಗಿಲಡಿ ಕಿರುಬೆರಳು ದಾಟುವಷ್ಟು ಸಂದಿ ಇದ್ದರೆ ಇಲಿಗೆ ಅಷ್ಟು ಸಾಕು, ತಗಡು ಹೊಡೆಯಿರಿ. ಇಲಿಯ ಮೂತ್ರ ಬಿದ್ದ ಚೀಲ ಅಂದರೆ ಅಕ್ಕಿ ಹೋಯಿತು ಎನ್ನುವಷ್ಟಕ್ಕೆ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಇಲಿಜ್ವರ ಹಬ್ಬುವುದೇ ಅದರಿಂದ. ಅಂಥ ಚೀಲ ಎತ್ತುವಾಗ ಕೈಗವಸು ಬೇಕೇ ಬೇಕು.

ಬಂದ ಅಕ್ಕಿ ಒಣಗಿದೆಯೇ ಎಂದು ನೋಡುವುದನ್ನು ಎಲ್ಲ ಸ್ವಯಂಸೇವಕರೂ ಕಲಿಯಬೇಕು. ಚೀಲದ ಬಾಯಿ ಬಿಚ್ಚಿ ಮೊಣಕೈ ತನಕ ಕೈ ಇಳಿಸಿ. ನಡುವೆ ಬೆಚ್ಚಗೆ ಅನಿಸಿದರೆ ಒಳಗೆ ಹುಳವೋ ಬೂಷ್ಟೋ ಕೆಲಸ ಶುರುಮಾಡಿದೆ. ಒಂದು ಕಾಳು ಹಲ್ಲಿಗೆ ಹಾಕಿ. ಒಣಗಿದ್ದು ಕಟ್ಟೆಂದು ಮುರಿಯುತ್ತದೆ, ಪಸೆ ಇದ್ದದ್ದು ಮೆತ್ತಗೆ ಒತ್ತಿಕೊಳ್ಳುತ್ತದೆ. ಸಂಶಯ ಇದ್ದರೆ ಉಪ್ಪಿನ ಪರೀಕ್ಷೆ ಮಾಡಿ: ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಅಕ್ಕಿ ತುಂಬಿ, ಒಂದೆರಡು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ. ಹತ್ತು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವಾಂಶ ಶೇ. 15ಕ್ಕಿಂತ ಹೆಚ್ಚು, ಆ ಚೀಲ ಇಟ್ಟುಕೊಳ್ಳಬೇಡಿ. ಉಪ್ಪು ಸಡಿಲವಾಗಿ ಕೆಳಗೆ ಇಳಿದಿದ್ದರೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಈ ಪರೀಕ್ಷೆ ತಪ್ಪುವುದು ಉಪ್ಪಿನಿಂದಲೇ. ಉಪ್ಪು ಮೊದಲೇ ತೇವವಾಗಿರುತ್ತದೆ. ಆದ್ದರಿಂದ ಬಾಣಲೆಯಲ್ಲಿ ಹುರಿದು, ಆರಿಸಿ, ಆಮೇಲೆ ಹಾಕಿ.

ಹುಳ ಬಂತೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುವ ಯೋಚನೆ ಯಾರೂ ಮಾಡಬಾರದು. ಅದು ಬಿಡುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ. ಬೇವಿನ ಸೊಪ್ಪು, ಒಣಮೆಣಸು ಹಾಕಿದರೆ ತಪ್ಪೇನಿಲ್ಲ, ಆದರೆ ಬಂದ ಹುಳ ಅದರಿಂದ ಹೋಗುವುದಿಲ್ಲ. ಉಪಾಯ ಎರಡೇ. ಒಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ವಾರಕ್ಕೆ ಬೇಕಾದಷ್ಟೇ ತರುವುದು. ದಾನಿಗಳು ಮೇ ತಿಂಗಳಲ್ಲಿ ಒಟ್ಟಿಗೆ ಎರಡು ಟನ್ ಕೊಡುತ್ತೇವೆ ಎಂದರೆ, “ದುಡ್ಡು ಮಿಲ್ಲಿನಲ್ಲಿ ಕಟ್ಟಿ, ತಿಂಗಳು ತಿಂಗಳು ಎತ್ತಿಕೊಳ್ಳುತ್ತೇವೆ” ಎಂದು ಹೇಳಿ. ಎರಡು, ಒಣಗಿದ ಕಾಳನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಕಂಠದವರೆಗೆ ತುಂಬಿ ಮುಚ್ಚುವುದು. ಒಳಗೆ ಉಸಿರಾಡಲು ಗಾಳಿ ಇಲ್ಲದೆ ಹುಳ ಸಾಯುತ್ತದೆ. ಅರ್ಧ ತುಂಬಿದ ಡ್ರಮ್ಮಿನಲ್ಲಿ ಸಾಯುವುದಿಲ್ಲ.

ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ ತೊಳೆದು ಒಣಗಿಸಿ ಕೊಡುವುದು ಬೇಡ. ಅದರ ಅಫ್ಲಾಟಾಕ್ಸಿನ್ ವಿಷ ತೊಳೆದರೂ ಬೇಯಿಸಿದರೂ ಹೋಗುವಂಥದ್ದಲ್ಲ. ಅವಧಿ ಮುಗಿದ ಪ್ಯಾಕೆಟ್ ಯಾರು ಕೊಟ್ಟರೂ ವಾಪಸು. ಕನಿಷ್ಠ 45 ದಿನ ಉಳಿದಿರುವುದನ್ನಷ್ಟೇ ತೆಗೆದುಕೊಳ್ಳಿ, ದಿನಾಂಕ ಹತ್ತಿರವಿದ್ದದ್ದು ಮುಂದೆ, ದೂರದ್ದು ಹಿಂದೆ ಇಡಿ.

ಕೊಳ್ಳುವಾಗ ಒಂದು ಸಣ್ಣ ಉಳಿತಾಯ: 25 ಕಿಲೋವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬೀಳುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಅಂಗಡಿಗಳಲ್ಲಿ 26 ಕಿಲೋ ಚೀಲ ಕಾಣುವುದು ಇದಕ್ಕೇ.

ಕಾಗದಪತ್ರ

ಬೇಯಿಸಿದ್ದಾಗಲಿ ಬೇಯಿಸದ್ದಾಗಲಿ, ಉಳಿದ ಆಹಾರ ಪಡೆದು ಹಂಚುವ ಸಂಸ್ಥೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. 2019ರ ಹೆಚ್ಚುವರಿ ಆಹಾರ ಹಂಚಿಕೆ ನಿಯಮಗಳು 2020ರ ಜುಲೈ 1ರಿಂದ ಜಾರಿಯಲ್ಲಿವೆ. ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ನಿಮ್ಮ ಸಂಸ್ಥೆಗೆ ಇದ್ದರೂ ಅಕ್ಕಿ, ಬೇಳೆಯಾಗಿ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ. ದಾನಿಗಳಿಗೆ ಮೊದಲೇ ಹೇಳಿಬಿಟ್ಟರೆ ಮಾರ್ಚ್ ಕೊನೆಯಲ್ಲಿ ಮನಸ್ತಾಪ ಇರುವುದಿಲ್ಲ.

ಮದುವೆ ಹಾಲಿನ ಉಳಿದ ಅಡುಗೆ

ಸೀಸನ್ನಿನಲ್ಲಿ ಸಭಾಭವನಗಳಿಂದ ಕರೆ ಬರುತ್ತದೆ: “ನೂರು ಜನರ ಊಟ ಉಳಿದಿದೆ, ಬೇಗ ಬನ್ನಿ.” ಗಂಟೆ ಮೂರೂವರೆ. ಆ ಅಡುಗೆ ಒಲೆಯಿಂದ ಇಳಿದದ್ದು ಹನ್ನೊಂದಕ್ಕೆ. ನಾಲ್ಕೂವರೆ ಗಂಟೆ ಕರಾವಳಿಯ ಸೆಕೆಯಲ್ಲಿ ಕುಳಿತ ಅನ್ನ ಸಾಂಬಾರನ್ನು ನೀವು ನಂತೂರಿನ ಟ್ರಾಫಿಕ್ ದಾಟಿಸಿ ಹಂಚುವಾಗ ಐದೂವರೆ. ಇಂಥದ್ದಕ್ಕೆ ಬೇಡ ಎನ್ನಲು ಕಲಿಯಬೇಕು, ಎಷ್ಟೇ ಸಂಕಟವಾದರೂ.

ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿ ಅಥವಾ 5 ಡಿಗ್ರಿಗಿಂತ ತಂಪು ಇರಬೇಕು. ನಡುವಿನ ಉಷ್ಣತೆಯಲ್ಲಿ ಕ್ರಿಮಿ ಬೆಳೆಯುತ್ತದೆ. ಜನ ಮೋಸ ಹೋಗುವುದು ಬಿಳಿ ಅನ್ನದಲ್ಲಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿ ಬೆಂದರೂ ಸಾಯುವುದಿಲ್ಲ. ಕೊಪ್ಪರಿಗೆಯ ನಡುವಿನ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುವುದರಿಂದ ಅದು ಅಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ಆ ವಿಷ ಹೋಗುವುದಿಲ್ಲ. ವಾಸನೆಯಲ್ಲೂ ತಿಳಿಯುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಮದುವೆಗೆ ಎರಡು ದಿನ ಮೊದಲೇ ಮನೆಯವರೊಂದಿಗೆ, ಅಡುಗೆ ಭಟ್ಟರೊಂದಿಗೆ ಮಾತಾಡಿ. “ಭಟ್ರೇ, ಮೊದಲ ಪಂಕ್ತಿ ಕೂರುವ ಮುಂಚೆ ಒಂದು ಪಾತ್ರೆ ಬೇರೆ ಇಟ್ಟು ಮುಚ್ಚಿಬಿಡಿ, ನಾವು ಹನ್ನೆರಡೂವರೆಗೆ ಬರುತ್ತೇವೆ.” ಎಷ್ಟು ಉಳಿಯಬಹುದು ಎಂಬುದು ಅವರಿಗೆ ಅಂದಾಜು ಇದ್ದೇ ಇರುತ್ತದೆ. ಬಫೆಯಲ್ಲಿ ಚಮಚ ತಾಗಿದ್ದು, ಬಾಳೆಲೆಗೆ ಬಡಿಸಲು ಬಕೆಟ್ಟಿನಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಒಯ್ಯಿರಿ, ಪಾತ್ರೆಯ ನಡುವೆ ಇಳಿಸಿ ಓದಿ. ಪಾತ್ರೆಯ ಮೇಲೆ ಪದಾರ್ಥದ ಹೆಸರು, ಒಲೆಯಿಂದ ಇಳಿದ ಗಂಟೆ, ಎಷ್ಟು ಗಂಟೆಯೊಳಗೆ ಉಣ್ಣಬೇಕು ಎಂದು ಬರೆದ ಚೀಟಿ ಅಂಟಿಸಿ. ಪುಸ್ತಕದಲ್ಲಿ ಕೊಟ್ಟವರು, ಕಿಲೋ, ಡಿಗ್ರಿ, ತಲುಪಿದ ಜಾಗ, ಗಂಟೆ ಬರೆಯಿರಿ. ಪ್ರತಿ ಪದಾರ್ಥದ ಒಂದು ಹಿಡಿ 24 ಗಂಟೆ ಫ್ರಿಜ್ಜಿನಲ್ಲಿರಲಿ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾರಣ ಹುಡುಕಲು ಬೇಕಾಗುತ್ತದೆ.

ನಮ್ಮ ಕಡೆಯ ಅಡುಗೆಗೆ ತೆಂಗಿನಕಾಯಿಯೇ ಜೀವ, ಬೇಗ ಹಳಸುವುದೂ ಅದೇ. ಕಾಯಿ ರುಬ್ಬಿ ಹಾಕಿದ ಗಸಿ, ಅವಿಲು, ಮಜ್ಜಿಗೆಹುಳಿ, ಸಾಸಮೆ, ತಂಬುಳಿ, ಚಟ್ನಿ, ಕಾಯಿಹಾಲಿನ ಪಾಯಸ, ಕೋಸಂಬರಿ, ಕತ್ತರಿಸಿದ ಹಣ್ಣು ತೆಗೆದುಕೊಳ್ಳಬೇಡಿ. ತಿಳಿಸಾರು, ಬಿಸಿ ಅನ್ನ, ಚಪಾತಿ, ಒಣ ರೊಟ್ಟಿ, ಹೋಳಿಗೆ, ಲಾಡು ಆಗಬಹುದು. ಮೀನು ಮಾಂಸದ ಪದಾರ್ಥ ಸಣ್ಣ ತಂಡಕ್ಕೆ ಬೇಡ. ಇಂಥ ಊಟ ಹೋಗಬೇಕಾದದ್ದು ತಕ್ಷಣ ಉಣ್ಣುವವರಿಗೆ, ಹೇಳುವುದಾದರೆ ವೆನ್‌ಲಾಕ್ ಆಸ್ಪತ್ರೆಯ ಹೊರಗೆ ರೋಗಿಗಳ ಜೊತೆಗಿರುವವರಿಗೆ. ರೋಗಿಗಳಿಗೆ, ಪುಟ್ಟ ಮಕ್ಕಳಿಗೆ, ವೃದ್ಧಾಶ್ರಮಕ್ಕೆ ಉಳಿದ ಅಡುಗೆ ಕೊಡಬೇಡಿ, ಅಲ್ಲಿಗೆ ದಿನಸಿ ಕೊಡಿ.

ಕೊಡುವಾಗ

ನಿಮ್ಮ ಸೊಸೈಟಿಗೆ ಅಕ್ಕಿ ಯಾವ ತಾರೀಕಿಗೆ ಬರುತ್ತದೆ ನೋಡಿ, ಅದಕ್ಕೆ ಹತ್ತು ದಿನ ಮೊದಲು ಕಿಟ್ ತಲುಪಲಿ. ಆಗಲೇ ಡಬ್ಬದ ತಳ ಕಾಣುವುದು. ಏಪ್ರಿಲ್–ಮೇಯಲ್ಲಿ ಶಾಲೆಯ ಬಿಸಿಯೂಟ ಇಲ್ಲದ್ದರಿಂದ ಮಕ್ಕಳಿರುವ ಮನೆಗೆ ಒಂದು ಕಿಲೋ ಕಾಳು ಹೆಚ್ಚು ಹಾಕಿ.

ಸಾಲು ನಿಲ್ಲಿಸಬೇಡಿ. ವೇದಿಕೆ, ಬ್ಯಾನರ್, ಕಿಟ್ ಹಿಡಿದ ಫೋಟೊ ಯಾವುದೂ ಬೇಡ. ದಾನಿಗೆ ಲೆಕ್ಕ ಬೇಕಿದ್ದರೆ ತೂಕದ ಪುಸ್ತಕ ತೋರಿಸಿ. ಬೀಡಿ ಎಲೆ ತರಲು, ಹಾಲಿನ ಡೈರಿಗೆ ಹೋಗುವ ಹೊತ್ತಿನಲ್ಲೇ ಅಂಗಡಿಯ ಸಾಮಾನಿನಂತೆ ಬಟ್ಟೆ ಚೀಲದಲ್ಲಿ ಒಯ್ಯುವಂತಾದರೆ ನೆರೆಮನೆಗೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ಬೇಳೆ, ಬೆಲ್ಲ, ಉಪ್ಪು ಒಂದೊಂದನ್ನೂ ಬೇರೆ ಬೇರೆ ದಪ್ಪ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿರಿ. ಒಂದು ಕಟ್ಟು ಸಡಿಲವಾದರೆ ಉಪ್ಪಿನ ನೀರು ಇಡೀ ಚೀಲಕ್ಕೆ ಇಳಿಯುತ್ತದೆ. ಅಡುಗೆ ಮಾಡಲಾಗದ ಅಜ್ಜಿಗೆ ಕಾಳು ಕೊಟ್ಟು ಬಂದರೆ ಅದು ಡಬ್ಬದಲ್ಲೇ ಹುಳ ಹಿಡಿಯುತ್ತದೆ. ಅವರಿಗೆ ಅವಲಕ್ಕಿ, ಹೆಸರುಬೇಳೆ, ಅಕ್ಕಿರವೆಯಂಥ ಬೇಗ ಬೇಯುವ ವಸ್ತು ಕೊಟ್ಟು, ಪಕ್ಕದ ಮನೆಯ ಒಬ್ಬರನ್ನು ಮಧ್ಯಾಹ್ನದ ಗಂಜಿಗೆ ಗೊತ್ತುಮಾಡಿ, ಆ ಮನೆಗೂ ಅಕ್ಕಿ ಕೊಡಿ. ಯಾರೂ ನೋಡಿಕೊಳ್ಳುವವರಿಲ್ಲದ ಹಿರಿಯರಾದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ತಿಳಿಸಿ.

ಸಾಮಾನು ಕಡಿಮೆ ಬಿದ್ದರೆ

ಜುಲೈ ನಡುವಿಗೆ ದುಡ್ಡು ಮುಗಿಯುವುದು ಮಾಮೂಲು. ಆಗ ಎಲ್ಲ ಕಿಟ್ಟನ್ನೂ ಅರ್ಧ ಮಾಡಬೇಡಿ. ಮೊದಲು ಬೆಲ್ಲ, ಮಸಾಲೆ ಪುಡಿ, ಅವಲಕ್ಕಿ ತೆಗೆಯಿರಿ. ತೊಗರಿ ಬೇಳೆ ದುಬಾರಿಯಾದರೆ ಹುರುಳಿ, ಅಲಸಂಡೆಗೆ ಬದಲಿಸಿ, ತೂಕ ಇಳಿಸಬೇಡಿ. ಎಣ್ಣೆ ಒಂದು ಲೀಟರಿಗೆ ಇಳಿಸಬಹುದು. ಅಷ್ಟಾದರೂ ಸಾಲದಿದ್ದರೆ ಕಾರ್ಡ್ ಇದ್ದು ಇಬ್ಬರು ದುಡಿಯುವವರಿರುವ ಮನೆಗಳನ್ನು ಬೋಟು ಇಳಿಯುವ ಆಗಸ್ಟ್‌ನಿಂದ ನಿಲ್ಲಿಸಿ. ಕಾರ್ಡ್ ಇಲ್ಲದವರದ್ದು, ಒಂಟಿ ಹಿರಿಯರದ್ದು, ಬಸುರಿ ಬಾಣಂತಿಯರದ್ದು ನಿಲ್ಲಬಾರದು. ನಿಲ್ಲಿಸುವ ಮನೆಗೆ ಆದಷ್ಟು ಮೊದಲೇ ಹೋಗಿ ಕುಳಿತು ಹೇಳಿ, ಫೋನಿನಲ್ಲಿ ಹೇಳಬೇಡಿ. ಬೋಟು ಇಳಿದ ಮಾತ್ರಕ್ಕೆ ಕೈಗೆ ದುಡ್ಡು ಬರುವುದಿಲ್ಲ, ಮೊದಲ ಲೆಕ್ಕ ಸಿಗಲು ವಾರಗಳು ಬೇಕು. ಆ ವಾರಗಳಿಗೆಂದು ಕೊನೆಯ ಕಿಟ್ಟಿನಲ್ಲಿ ಎರಡು ಕಿಲೋ ಕಾಳು ಹೆಚ್ಚು ಇಡಿ.